ಬೋಧಕೇತರ ಸಿಬ್ಬಂದಿ ಮತ್ತು ಹೊರಗಿನ ಉದ್ಯೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದಲ್ಲಿ ಸಂಬಳ ಪಡೆಯುತ್ತಲೇ ಹೊರಗೆ ಬೇರೊಂದು ಕೆಲಸ ಮಾಡಬಹುದೇ ಎಂಬ ಪ್ರಶ್ನೆಯನ್ನು ದ್ವಿತೀಯ ದರ್ಜೆ ಸಹಾಯಕರಿಂದ ಹಿಡಿದು ಉಪಕುಲಸಚಿವರವರೆಗೆ ಬಹುತೇಕ ಎಲ್ಲರೂ ಒಂದಲ್ಲ ಒಂದು ಸಲ ಕೇಳಿಕೊಂಡಿರುತ್ತಾರೆ; ಆದರೆ ಕಚೇರಿಯಲ್ಲಿ ಲಿಖಿತವಾಗಿ ಕೇಳುವವರು ಕಡಿಮೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಬೋಧಕೇತರ ನೌಕರರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು, ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂತಹ ಕೇಂದ್ರ ಸಂಸ್ಥೆಗಳ ನಿಯಮ ಬೇರೆಯಾಗುವ ಕಡೆ ಅದನ್ನೂ ಹೇಳುತ್ತ, ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ.

ಬೋಧಕೇತರ ನೌಕರರಿಗೆ ಅನ್ವಯಿಸುವ ನಿಯಮಗಳು ಯಾವುವು?

ಮೈಸೂರು, ಕರ್ನಾಟಕ, ಬೆಂಗಳೂರು, ಮಂಗಳೂರು, ಗುಲಬರ್ಗಾ, ಕುವೆಂಪು ಮೊದಲಾದ ವಿಶ್ವವಿದ್ಯಾಲಯಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ ನಡೆಯುತ್ತವೆ. ಇವುಗಳ ನೌಕರರು ಕಟ್ಟುನಿಟ್ಟಾದ ಅರ್ಥದಲ್ಲಿ ಸರ್ಕಾರಿ ನೌಕರರಲ್ಲ, ವಿಶ್ವವಿದ್ಯಾಲಯದ ನೌಕರರು. ಆದರೂ ವೇತನ, ರಜೆ, ನಡತೆ, ಶಿಸ್ತು ಈ ನಾಲ್ಕೂ ವಿಷಯಗಳಲ್ಲಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ರಾಜ್ಯ ಸರ್ಕಾರದ ನಿಯಮಗಳನ್ನೇ ತಮ್ಮ ಪರಿನಿಯಮಗಳ (ವಿಶ್ವವಿದ್ಯಾಲಯವು ತನಗಾಗಿ ಮಾಡಿಕೊಳ್ಳುವ ನಿಯಮಗಳ) ಮೂಲಕ ಅಳವಡಿಸಿಕೊಂಡಿವೆ. ನಡತೆಯ ವಿಷಯದಲ್ಲಿ ಬಹುಕಾಲ ಜಾರಿಯಲ್ಲಿದ್ದುದು 1966ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳು. ಅವುಗಳ ಜಾಗಕ್ಕೆ ಈಗ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಬಂದಿವೆ. ಶಿಸ್ತುಕ್ರಮಕ್ಕೆ ಆಧಾರ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, ಅದರಲ್ಲೂ ಖಾಸಗಿ ವ್ಯಾಪಾರ ಮತ್ತು ನೌಕರಿಯನ್ನು ಕುರಿತ 15ನೇ ನಿಯಮ, ಮಾದರಿಯಾಗಿ ನಿಲ್ಲುತ್ತವೆ. ನಿಮ್ಮ ವಿಶ್ವವಿದ್ಯಾಲಯವು ಪ್ರತ್ಯೇಕ ಪರಿನಿಯಮ ಮಾಡಿಕೊಂಡಿದ್ದರೆ ಅದನ್ನು ಮೊದಲು ಓದಬೇಕು. ಅದರ ಪ್ರತಿ ಆಡಳಿತ ವಿಭಾಗದಲ್ಲಿ ಸಿಗುತ್ತದೆ.

ಪ್ರಾಧ್ಯಾಪಕರು ಸಲಹಾ ಕೆಲಸ ಮಾಡಿ ಸಂಭಾವನೆ ಪಡೆಯುತ್ತಾರೆ. ನಮಗೆ ಮಾತ್ರ ಏಕೆ ಇಷ್ಟು ಬಿಗಿ?

ಈ ಅಸಮಾಧಾನ ಸುಳ್ಳಲ್ಲ. ಬೋಧಕರು ಹೊರಗಿನ ಸಂಸ್ಥೆಗಳಿಗೆ ಸಲಹೆ ನೀಡುವುದು, ಬೇರೆ ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಹೋಗುವುದು, ಪ್ರಬಂಧ ಪರೀಕ್ಷಕರಾಗುವುದು ಇವೆಲ್ಲ ಅವರ ವೃತ್ತಿಯ ಭಾಗವೆಂದೇ ಎಣಿಸಲ್ಪಟ್ಟಿದ್ದು, ಸಲಹಾ ಶುಲ್ಕವನ್ನು ಸಂಸ್ಥೆ ಮತ್ತು ವ್ಯಕ್ತಿಯ ನಡುವೆ ಹಂಚುವ ನಿಯಮಗಳನ್ನು ಹಲವು ಸಂಸ್ಥೆಗಳು ಮಾಡಿಕೊಂಡಿವೆ. ಬೋಧಕೇತರರಿಗೆ ಅಂತಹ ಪ್ರತ್ಯೇಕ ನೀತಿ ಇರುವುದು ಅಪರೂಪ. ಗಣಕಯಂತ್ರ ವಿಭಾಗದ ಪ್ರೋಗ್ರಾಮರ್ ಒಬ್ಬರು, ಗ್ರಂಥಾಲಯದ ತಾಂತ್ರಿಕ ಸಹಾಯಕರೊಬ್ಬರು, ಉಪಕರಣ ದುರಸ್ತಿಯಲ್ಲಿ ಪಳಗಿದ ಪ್ರಯೋಗಾಲಯದ ಸಿಬ್ಬಂದಿಯೊಬ್ಬರು ಪ್ರಾಧ್ಯಾಪಕರಷ್ಟೇ ಬೇಡಿಕೆಯ ಪರಿಣತಿ ಹೊಂದಿದ್ದರೂ, ಅವರ ಮುಂದಿರುವುದು ನಡತೆ ನಿಯಮದ ಒಂದೇ ಬಾಗಿಲು: ಪೂರ್ವಾನುಮತಿ. ಈ ಕೊರತೆಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮಟ್ಟದಲ್ಲಿ ಸರಿಪಡಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದರೆ ಬಿಗಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮರೆಯಲಾಗದು. ವಿಶ್ವವಿದ್ಯಾಲಯದ ಬೀಗದ ಕೈ ಇರುವುದು ಬೋಧಕೇತರರ ಬಳಿ. ಪರೀಕ್ಷಾಂಗದಲ್ಲಿ ಉತ್ತರ ಪತ್ರಿಕೆಗಳ ಸಂಕೇತೀಕರಣ ಮಾಡುವವರು, ಅಂಕಪಟ್ಟಿ ಮುದ್ರಿಸುವವರು, ಕಾಲೇಜುಗಳ ಸಂಯೋಜನಾ (ಅಫಿಲಿಯೇಷನ್) ಕಡತ ನಿರ್ವಹಿಸುವವರು, ಟೆಂಡರ್ ಟಿಪ್ಪಣಿ ಬರೆಯುವವರು, ಹಣಕಾಸು ವಿಭಾಗದಲ್ಲಿ ಬಿಲ್ಲು ಪಾಸು ಮಾಡುವವರು ಇವರೇ. ಹೊರಗಿನ ಸಂಬಳವೊಂದು ಇವರ ಜೇಬಿಗೆ ಬರತೊಡಗಿದರೆ ಆ ಸಂಬಳ ಯಾವ ಕೆಲಸಕ್ಕೆ ಎಂಬ ಅನುಮಾನ ಏಳುವುದು ಸಹಜ. ಭ್ರಷ್ಟಾಚಾರ ನಿರ್ಬಂಧ ಅಧಿನಿಯಮ, 1988 ಸಾರ್ವಜನಿಕ ನೌಕರ ಯಾರು ಎಂದು ಹೇಳುವಾಗ ಕುಲಪತಿ, ಪ್ರಾಧ್ಯಾಪಕರ ಜೊತೆಗೆ ಯಾವುದೇ ಪದನಾಮದ ವಿಶ್ವವಿದ್ಯಾಲಯ ನೌಕರನನ್ನೂ, ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯವು ಸೇವೆ ಪಡೆದುಕೊಂಡ ಯಾವುದೇ ವ್ಯಕ್ತಿಯನ್ನೂ ಹೆಸರಿಸಿಯೇ ಸೇರಿಸಿದೆ. ನಾಲ್ಕು ದಿನದ ಪರೀಕ್ಷಾ ಕೆಲಸಕ್ಕೆ ಬಂದವರೂ ಆ ಕೆಲಸದ ಮಟ್ಟಿಗೆ ಅದರೊಳಗೆ ಬರುತ್ತಾರೆ.

ಸಂಜೆ ಐದೂವರೆಯ ನಂತರದ ಸಮಯ ನನ್ನದಲ್ಲವೇ?

ವಿಶ್ರಾಂತಿಯ ಮಟ್ಟಿಗೆ ನಿಮ್ಮದು, ಉದ್ಯೋಗದ ಮಟ್ಟಿಗೆ ಅಲ್ಲ. ಪೂರ್ಣಾವಧಿ ನೌಕರನ ಸಂಪೂರ್ಣ ಸಮಯವು ಅವನಿಗೆ ಸಂಬಳ ಕೊಡುವ ಸರ್ಕಾರದ ಅಧೀನದಲ್ಲಿರುತ್ತದೆ ಎಂಬುದು ಸೇವಾ ನಿಯಮಗಳ ಹಳೆಯ ಬುನಾದಿ. ಕೇಂದ್ರದ ಮೂಲಭೂತ ನಿಯಮಗಳಲ್ಲಿ ಇದು 11ನೆಯದು. ಆದ್ದರಿಂದ ‘ನಾನು ಕಚೇರಿ ವೇಳೆಯಲ್ಲಿ ಮಾಡಿಲ್ಲ’ ಎಂಬುದು ಶಿಕ್ಷೆಯ ಪ್ರಮಾಣವನ್ನು ಕಡಿಮೆ ಮಾಡಬಲ್ಲ ವಾದವೇ ಹೊರತು ಆರೋಪದಿಂದ ಬಿಡಿಸುವ ವಾದವಲ್ಲ. ರಾತ್ರಿ ಹೊತ್ತು ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ, ಭಾನುವಾರ ಟ್ಯಾಕ್ಸಿ ಓಡಿಸುವ ಕೆಲಸ, ಮನೆಯಲ್ಲೇ ಕುಳಿತು ಹೊರದೇಶದ ಕಂಪನಿಗೆ ಡೇಟಾ ನಮೂದಿಸುವ ಕೆಲಸ ಇವೆಲ್ಲ ಉದ್ಯೋಗವೇ.

ಅನುಮತಿ ಇಲ್ಲದೆ ಮಾಡಬಹುದಾದ ಕೆಲಸಗಳು ಯಾವುವು?

ಸಂಭಾವನೆ ಇಲ್ಲದ ಸಾಮಾಜಿಕ ಅಥವಾ ಧರ್ಮಾರ್ಥ ಸೇವೆ, ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ ಕೆಲಸ ಇವೆರಡಕ್ಕೆ ನಡತೆ ನಿಯಮಗಳು ಮೊದಲಿನಿಂದಲೂ ರಿಯಾಯಿತಿ ಕೊಟ್ಟಿವೆ. ಕೇಂದ್ರದ ನಿಯಮದಲ್ಲಿ ಹವ್ಯಾಸಿ ಕ್ರೀಡೆಯೂ ಸೇರಿದೆ. ಷರತ್ತು ಎರಡು: ಕಚೇರಿಯ ಕೆಲಸಕ್ಕೆ ಅದರಿಂದ ತೊಂದರೆ ಆಗಬಾರದು, ಪ್ರಾಧಿಕಾರ ನಿಲ್ಲಿಸು ಎಂದಾಗ ನಿಲ್ಲಿಸಬೇಕು. ‘ಆಗೊಮ್ಮೆ ಈಗೊಮ್ಮೆ’ ಎಂಬ ಮಾತಿಗೆ ನಿಯಮದಲ್ಲಿ ಲೆಕ್ಕ ಕೊಟ್ಟಿಲ್ಲ. ತಕರಾರುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ನಾನು ಯಕ್ಷಗಾನ ಕಲಾವಿದ. ಮೇಳದಲ್ಲಿ ವೇಷ ಹಾಕಬಹುದೇ?

ಕರಾವಳಿಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸಿಬ್ಬಂದಿಯಲ್ಲಿ ಈ ಪ್ರಶ್ನೆ ಸಾಮಾನ್ಯ, ಮತ್ತು ‘ಆಗೊಮ್ಮೆ ಈಗೊಮ್ಮೆ’ ಎಂಬುದರ ಅರ್ಥ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಊರಿನ ಹವ್ಯಾಸಿ ಸಂಘದ ಆಟದಲ್ಲಿ ವರ್ಷಕ್ಕೆ ನಾಲ್ಕಾರು ಬಾರಿ ವೇಷ ಹಾಕುವುದು, ಶನಿವಾರ ರಾತ್ರಿಯ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು, ಮಕ್ಕಳಿಗೆ ಹೆಜ್ಜೆ ಕಲಿಸುವುದು ಇವು ಕಲಾತ್ಮಕ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಸಂಘದವರು ಶಾಲು, ಹಣ್ಣುಕಾಯಿಯ ಜೊತೆ ಪ್ರಯಾಣದ ಖರ್ಚು ಕೊಟ್ಟರೂ ಅದು ಉದ್ಯೋಗವಾಗುವುದಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಆರಂಭವಾಗಿ ಮೇ ತಿಂಗಳ ಪತ್ತನಾಜೆಗೆ ಮುಗಿಯುವ ತಿರುಗಾಟಕ್ಕೆ ವೃತ್ತಿಮೇಳದೊಂದಿಗೆ ಒಪ್ಪಂದ ಮಾಡಿಕೊಂಡು, ಮುಂಗಡ ಪಡೆದು, ರಾತ್ರಿ ಬಣ್ಣ ಹಚ್ಚಿ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಬೇರೆಯೇ ಮಾತು. ಅದು ಕಲೆ ಹೌದು, ನೌಕರಿಯೂ ಹೌದು. ಪೂರ್ವಾನುಮತಿ ಇಲ್ಲದೆ ಮಾಡಲಾಗದು. ಟೆಂಟಿನ ಆಟಕ್ಕೆ ನಿಮ್ಮ ಹೆಸರು ಕರಪತ್ರದಲ್ಲಿ ಅಚ್ಚಾಗುತ್ತದೆ ಎಂಬುದನ್ನೂ ನೆನಪಿಡಿ: ದೂರುದಾರನಿಗೆ ಬೇರೆ ದಾಖಲೆ ಬೇಕಾಗುವುದಿಲ್ಲ.

ಇದೇ ಅಳತೆ ಸುಗಮ ಸಂಗೀತ, ನಾಟಕ, ನಿರೂಪಣೆ, ಪೌರೋಹಿತ್ಯ ಎಲ್ಲಕ್ಕೂ ಅನ್ವಯಿಸುತ್ತದೆ. ಸಿನಿಮಾ ಮತ್ತು ಧಾರಾವಾಹಿಗಳಲ್ಲಿ ಪಾತ್ರ ಸಣ್ಣದಾಗಿದ್ದರೂ ಮೊದಲೇ ಅನುಮತಿ ಪಡೆಯಬೇಕು.

ಪುಸ್ತಕ ಬರೆಯುವುದು, ಆಕಾಶವಾಣಿಯಲ್ಲಿ ಮಾತನಾಡುವುದು, ಯೂಟ್ಯೂಬ್ ಚಾನೆಲ್ ನಡೆಸುವುದು?

ಕವಿತೆ, ಕಥೆ, ಸಂಶೋಧನಾ ಲೇಖನಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸೇವೆಯಲ್ಲಿ ಗಳಿಸಿದ ಜ್ಞಾನದ ನೆರವಿಲ್ಲದೆ ಮಾಡಿದ ಸಾಹಿತ್ಯ, ಕಲೆ, ವಿಜ್ಞಾನದ ಪ್ರಯತ್ನಗಳಿಂದ ಬರುವ ಆದಾಯವನ್ನು ಕೇಂದ್ರದ ನಿಯಮಗಳು ‘ಶುಲ್ಕ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ, ಹಾಗಾಗಿ ಪ್ರಕಾಶಕರು ಕೊಡುವ ಗೌರವಧನದಲ್ಲಿ ಸಂಸ್ಥೆಗೆ ಪಾಲು ಕೊಡಬೇಕಿಲ್ಲ. ಆದರೆ ನಿಮ್ಮ ಮೇಜಿನ ಮೇಲಿನ ಕಡತದ ವಿಷಯ ಬರೆಯುವಂತಿಲ್ಲ, ಸರ್ಕಾರದ ನೀತಿಯನ್ನು ಟೀಕಿಸುವ ಬರಹಕ್ಕೆ ಪ್ರತ್ಯೇಕ ನಿರ್ಬಂಧವಿದೆ, ಮತ್ತು ಪದನಾಮವನ್ನು ಪುಸ್ತಕದ ಮಾರಾಟಕ್ಕೆ ಬಳಸಬಾರದು. ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ಕೆಲಸ ಮಾಡುವವರು ತಮ್ಮದೇ ಪುಸ್ತಕವನ್ನು ಅಲ್ಲಿಯೇ ಪ್ರಕಟಿಸಲು ಹೊರಟರೆ ಆಯ್ಕೆಯ ಕಡತದಿಂದ ದೂರವಿರಬೇಕು.

ಯೂಟ್ಯೂಬ್ ವಿಷಯದಲ್ಲಿ ಗೆರೆ ಎಲ್ಲಿದೆ ಎಂದರೆ ಜಾಹೀರಾತು ಆದಾಯ ಶುರುವಾಗುವ ಜಾಗದಲ್ಲಿ. ಅಡುಗೆಯನ್ನೋ ಜಾನಪದ ಗೀತೆಯನ್ನೋ ಹಾಕುವುದು ಹವ್ಯಾಸ. ತಿಂಗಳು ತಿಂಗಳು ಬ್ಯಾಂಕ್ ಖಾತೆಗೆ ಹಣ ಬರತೊಡಗಿದರೆ, ಅದಕ್ಕಿಂತ ಮುಖ್ಯವಾಗಿ ಯಾವುದೋ ಕಂಪನಿಯ ಸರಕನ್ನು ಹೊಗಳಿ ಹಣ ಪಡೆದರೆ, ಅನುಮತಿ ಕೇಳಲೇಬೇಕು. ‘ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳು’ ಎಂಬ ವಿಡಿಯೋವನ್ನು ಪರೀಕ್ಷಾಂಗದ ಸಿಬ್ಬಂದಿ ಮಾಡುವುದಂತೂ ಅನುಮತಿ ಸಿಗುವ ವಿಷಯವೇ ಅಲ್ಲ.

ಊರಲ್ಲಿ ತೋಟವಿದೆ, ಮನೆಯಲ್ಲಿ ಎರಡು ಹಸುಗಳಿವೆ. ಇದು ವ್ಯಾಪಾರವೇ?

ಪಿತ್ರಾರ್ಜಿತ ಜಮೀನಿನ ಸಾಗುವಳಿ ಮತ್ತು ಬೆಳೆದುದನ್ನು ಮಾರುವುದು ವ್ಯಾಪಾರವೆನಿಸುವುದಿಲ್ಲ. ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಸುತ್ತಲಿನ ಅಡಿಕೆ ಬೆಳೆಗಾರರ ಮನೆಗಳಿಂದ ಕೆಲಸಕ್ಕೆ ಬರುವವರು ಕೊನೆಕೊಯ್ಲಿಗೆ ಗಳಿಕೆ ರಜೆ ಹಾಕಿ ಹೋಗುವುದು ಯಾರ ಆಕ್ಷೇಪಕ್ಕೂ ಗುರಿಯಾಗಬೇಕಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವುದೂ ಹಾಗೆಯೇ. ಆದರೆ ಅಕ್ಕಪಕ್ಕದವರ ಅಡಿಕೆಯನ್ನು ಕೊಂಡು ಮಂಡಿಗೆ ಸಾಗಿಸಿದರೆ, ಬೇರೆಯವರ ತೋಟವನ್ನು ಗುತ್ತಿಗೆ ಹಿಡಿದರೆ, ಅದು ವ್ಯಾಪಾರ. ಹಾಲಿನ ಸಂಘದ ನಿರ್ದೇಶಕ ಸ್ಥಾನಕ್ಕೆ ನಿಲ್ಲುವುದಕ್ಕೂ ಅನುಮತಿ ಬೇಕು. ಪಂಚಾಯಿತಿ ಚುನಾವಣೆಗೆ ನಿಲ್ಲುವಂತೆಯೇ ಇಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಅದರಿಂದ ನಡತೆ ನಿಯಮ ಸಡಿಲವಾಗಿಲ್ಲ. ಸ್ಥಿರಾಸ್ತಿ ಕೊಳ್ಳುವ ವಿಷಯವನ್ನು ಪ್ರಾಧಿಕಾರಕ್ಕೆ ತಿಳಿಸಬೇಕು, ವಾರ್ಷಿಕ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿಯಲ್ಲಿ ತೋರಿಸಬೇಕು.

ಹೆಂಡತಿಯ ಹೆಸರಿನಲ್ಲಿ ಅಂಗಡಿ ಇಡಬಹುದೇ? ಗಂಡ ಎಲ್‌ಐಸಿ ಏಜೆಂಟ್ ಆದರೆ?

ನಿಮ್ಮ ಪತ್ನಿಗೋ ಪತಿಗೋ ತಮ್ಮದೇ ವ್ಯಾಪಾರ ನಡೆಸುವ ಹಕ್ಕಿದೆ. ನಿಮ್ಮ ನೌಕರಿ ಅದನ್ನು ಕಿತ್ತುಕೊಳ್ಳುವುದಿಲ್ಲ. ನಿಯಮ ಕೇಳುವುದು ಎರಡನ್ನು. ಮೊದಲನೆಯದು, ಕುಟುಂಬದ ಸದಸ್ಯರು ವ್ಯಾಪಾರದಲ್ಲಿ ತೊಡಗಿದ್ದರೆ ಅಥವಾ ವಿಮೆ, ಕಮಿಷನ್ ಏಜೆನ್ಸಿ ನಡೆಸುತ್ತಿದ್ದರೆ ಅದನ್ನು ವರದಿ ಮಾಡುವುದು. ಕೇಂದ್ರದ 15ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಎರಡನೆಯದು, ಆ ವ್ಯಾಪಾರಕ್ಕೆ ನೀವು ಗಿರಾಕಿ ಹುಡುಕದಿರುವುದು. 1966ರ ರಾಜ್ಯ ನಿಯಮಗಳೂ ಮನೆಯವರ ವಿಮಾ ಏಜೆನ್ಸಿ ಪರವಾಗಿ ಪ್ರಚಾರ ಮಾಡುವುದನ್ನು ಉಲ್ಲಂಘನೆಯೆಂದೇ ಹೇಳಿದ್ದವು. ಸಂಬಳದ ದಿನ ಸಹೋದ್ಯೋಗಿಗಳ ಮೇಜಿನಿಂದ ಮೇಜಿಗೆ ಪಾಲಿಸಿ ಫಾರಂ ಹಿಡಿದು ಓಡಾಡುವುದು ನಮ್ಮ ಕಚೇರಿಗಳಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದು ತಪ್ಪೆಂದು ಹೇಳಿದವರನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದರೂ ಅದು ತಪ್ಪು.

ಅಂಗಡಿ ನಿಜವಾಗಿ ಯಾರದು ಎಂಬ ಪ್ರಶ್ನೆ ಬಂದಾಗ ವಿಚಾರಣಾಧಿಕಾರಿಗಳು ನೋಡುವುದು ಹೆಸರನ್ನಲ್ಲ. ಬಂಡವಾಳ ಯಾರ ಖಾತೆಯಿಂದ ಹೋಯಿತು, ಸರಕಿನವರು ಯಾರ ಮೊಬೈಲಿಗೆ ಕರೆ ಮಾಡುತ್ತಾರೆ, ಸಂಜೆ ಗಲ್ಲಾದಲ್ಲಿ ಯಾರು ಕೂರುತ್ತಾರೆ ಎಂಬುದನ್ನು ನೋಡುತ್ತಾರೆ. ವಿಶ್ವವಿದ್ಯಾಲಯಕ್ಕೇ ಲೇಖನ ಸಾಮಗ್ರಿ, ಊಟೋಪಚಾರ, ವಾಹನ ಅಥವಾ ಮುದ್ರಣ ಒದಗಿಸುವ ಸಂಸ್ಥೆ ನಿಮ್ಮ ಮನೆಯವರದಾಗಿದ್ದರೆ ಆ ಸಂಬಂಧವನ್ನು ಬರವಣಿಗೆಯಲ್ಲಿ ತಿಳಿಸಿ, ಆ ಖರೀದಿಯ ಕಡತವನ್ನು ಮುಟ್ಟದೆ ಬೇರೆ ಮೇಜಿಗೆ ವರ್ಗಾಯಿಸುವಂತೆ ಕೇಳಬೇಕು.

ಕಚೇರಿಯಲ್ಲಿ ಚೀಟಿ ನಡೆಸುವುದು, ಬಡ್ಡಿಗೆ ಸಾಲ ಕೊಡುವುದು?

ಎರಡೂ ಬೇಡ. ನೋಂದಣಿಯಿಲ್ಲದ ಚೀಟಿ 1982ರ ಚಿಟ್ ಫಂಡ್ ಕಾಯ್ದೆಗೆ ವಿರುದ್ಧ, ಪರವಾನಗಿ ಇಲ್ಲದ ಬಡ್ಡಿ ವ್ಯವಹಾರ 1961ರ ಲೇವಾದೇವಿದಾರರ ಕಾಯ್ದೆಗೆ ವಿರುದ್ಧ, ಎರಡೂ ನಡತೆ ನಿಯಮಕ್ಕೆ ವಿರುದ್ಧ. ಹತ್ತು ಜನ ಸೇರಿ ನಂಬಿಕೆಯ ಮೇಲೆ ಕಟ್ಟುವ ಚೀಟಿ ಹಳೆಯ ಪದ್ಧತಿ ನಿಜ. ಎತ್ತಿದವರೊಬ್ಬರು ವರ್ಗವಾಗಿ ಹೋದ ದಿನ ದೂರು ಬರುವುದು ಮಾತ್ರ ಚೀಟಿ ನಡೆಸಿದವರ ಮೇಲೆ. ನೌಕರರ ಪತ್ತಿನ ಸಹಕಾರ ಸಂಘ ಇರುವುದು ಇದೇ ಅಗತ್ಯಕ್ಕಾಗಿ.

ಷೇರು ವಹಿವಾಟು ಹೊರಗಿನ ಉದ್ಯೋಗವೇ?

ಹೂಡಿಕೆ ಉದ್ಯೋಗವಲ್ಲ, ಸಟ್ಟಾ ನಿಷಿದ್ಧ. ಷೇರುಗಳನ್ನು ಪದೇ ಪದೇ ಕೊಂಡು ಮಾರುವುದನ್ನು ಸಟ್ಟಾ ಎಂದೇ ಪರಿಗಣಿಸಲಾಗುತ್ತದೆ. ಕೇಂದ್ರದ ನೌಕರರು ಒಂದು ಕ್ಯಾಲೆಂಡರ್ ವರ್ಷದ ಷೇರು, ಮ್ಯೂಚುವಲ್ ಫಂಡ್ ಮೊದಲಾದ ವಹಿವಾಟಿನ ಮೊತ್ತ ಆರು ತಿಂಗಳ ಮೂಲವೇತನ ಮೀರಿದರೆ ಅದನ್ನು ವರದಿ ಮಾಡಬೇಕು. ಕಚೇರಿಯ ಗಣಕಯಂತ್ರದಲ್ಲಿ ದಿನವಹಿ ಟ್ರೇಡಿಂಗ್ ನಡೆಸುವವರು ಸಟ್ಟಾದ ಜೊತೆಗೆ ಕರ್ತವ್ಯಲೋಪಕ್ಕೂ ಉತ್ತರ ಹೇಳಬೇಕಾಗುತ್ತದೆ.

ನಾನು ಎಂ.ಎ., ನೆಟ್ ಪಾಸಾಗಿದ್ದೇನೆ. ಸಂಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಬಹುದೇ?

ಪೂರ್ವಾನುಮತಿ ಇದ್ದರೆ ಮಾತ್ರ. ತನ್ನದೇ ಸಂಯೋಜನೆಗೆ ಒಳಪಟ್ಟ ಕಾಲೇಜಿನಲ್ಲಿ ಪಾಠ ಮಾಡಲು ವಿಶ್ವವಿದ್ಯಾಲಯ ಒಪ್ಪುವುದು ಕಷ್ಟ, ಏಕೆಂದರೆ ಆ ಕಾಲೇಜಿನ ಸಂಯೋಜನೆ ಮುಂದುವರಿಕೆ, ಪ್ರವೇಶ ಅನುಮೋದನೆ, ಪರೀಕ್ಷಾ ಕೇಂದ್ರ ಇವೆಲ್ಲವೂ ನಿಮ್ಮ ಅಥವಾ ನಿಮ್ಮ ಪಕ್ಕದ ಮೇಜಿನಿಂದ ಹೋಗುತ್ತವೆ. ಅಲ್ಲದೆ ಬೋಧನಾ ಅನುಭವದ ಪ್ರಮಾಣಪತ್ರವನ್ನು ಮುಂದೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಲಗತ್ತಿಸಿದಾಗ, ಅನುಮತಿ ಇಲ್ಲದೆ ಪಡೆದ ಅನುಭವ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಓದುವುದಕ್ಕೂ, ಅಂದರೆ ಅರೆಕಾಲಿಕ ಪಿಎಚ್.ಡಿ. ಅಥವಾ ಸಂಜೆಯ ಕಾನೂನು ಪದವಿಗೆ ಸೇರಲೂ, ಮೊದಲೇ ಅನುಮತಿ ಪಡೆದು ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳುವುದು ಒಳ್ಳೆಯದು.

ಎಲ್‌ಎಲ್‌.ಬಿ. ಮುಗಿಸಿದ್ದೇನೆ. ಸನ್ನದು ಪಡೆದು ವಕೀಲಿ ಮಾಡಬಹುದೇ?

ಇಲ್ಲ. ಇಲ್ಲಿ ವಿಶ್ವವಿದ್ಯಾಲಯ ಅನುಮತಿ ಕೊಟ್ಟರೂ ಪ್ರಯೋಜನವಿಲ್ಲ. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ನಡೆಸಬಾರದೆಂದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುತ್ತದೆ.

ವಿದ್ಯಾರ್ಥಿಗಳ ಪ್ರಾಜೆಕ್ಟ್, ಪ್ರಬಂಧ ಟೈಪ್ ಮಾಡಿಕೊಡುತ್ತೇನೆ. ಇದರಲ್ಲೇನು ತಪ್ಪು?

ಶೀಘ್ರಲಿಪಿಗಾರರು ಮತ್ತು ಬೆರಳಚ್ಚುಗಾರರು ಸಂಶೋಧಕರ ಹಸ್ತಪ್ರತಿಯನ್ನು ಮನೆಗೊಯ್ದು ಪುಟಕ್ಕೆ ಇಷ್ಟು ಎಂದು ಟೈಪ್ ಮಾಡಿಕೊಡುತ್ತಿದ್ದ ಕಾಲವೊಂದಿತ್ತು. ಹಳೆಯ ಪ್ರಬಂಧಗಳ ಕೃತಜ್ಞತಾ ಪುಟದಲ್ಲಿ ಅವರ ಹೆಸರು ಕಾಣುತ್ತದೆ. ಮರ್ಯಾದೆಯ ಕೆಲಸವೇ ಅದು. ಆದರೂ ಶುಲ್ಕ ಪಡೆಯುವ ಕೆಲಸವಾದ್ದರಿಂದ ಅನುಮತಿ ಬೇಕು, ಕಚೇರಿಯ ಕಾಗದ, ಪ್ರಿಂಟರ್ ಬಳಸುವಂತಿಲ್ಲ. ಟೈಪಿಂಗ್ ಬಿಟ್ಟು ಪ್ರಬಂಧವನ್ನೇ ಬರೆದುಕೊಡುವುದು, ಪ್ರಯೋಗಾಲಯದ ದಾಖಲೆ ಪುಸ್ತಕ ಸಿದ್ಧಪಡಿಸಿಕೊಡುವುದು, ಮರುಮೌಲ್ಯಮಾಪನದ ಅರ್ಜಿ ‘ನೋಡಿಕೊಳ್ಳುತ್ತೇನೆ’ ಎಂದು ಹಣ ಪಡೆಯುವುದು ಹೊರಗಿನ ಉದ್ಯೋಗದ ಪ್ರಶ್ನೆಯಲ್ಲ. ಅದು ಅಪರಾಧದ ಪ್ರಶ್ನೆ.

ನಾನು ಹೊರಗುತ್ತಿಗೆ ನೌಕರ. ನನಗೂ ಇದೆಲ್ಲ ಅನ್ವಯಿಸುತ್ತದೆಯೇ?

ಹೊರಗುತ್ತಿಗೆಯವರ ಉದ್ಯೋಗದಾತ ಏಜೆನ್ಸಿಯೇ ಹೊರತು ವಿಶ್ವವಿದ್ಯಾಲಯವಲ್ಲ. ನಡತೆ ನಿಯಮಗಳು ಕಾಯಂ ನೌಕರರಿಗೆ ಅನ್ವಯಿಸುವಂತೆ ನೇರವಾಗಿ ಅನ್ವಯಿಸುವುದಿಲ್ಲ. ಏಜೆನ್ಸಿಯ ಒಪ್ಪಂದದಲ್ಲಿ ಏನಿದೆ ಎಂಬುದೇ ಮುಖ್ಯ. ಭದ್ರತೆ, ಸ್ವಚ್ಛತೆ, ಡೇಟಾ ಎಂಟ್ರಿಗೆ ಬರುವವರ ಕೈಗೆ ಸಿಗುವ ಹಣದಲ್ಲಿ ಊರಿನಲ್ಲಿ ಸಂಸಾರ ನಡೆಸುವುದು ದುಸ್ತರವಾಗಿರುವಾಗ, ಸಂಜೆ ಇನ್ನೊಂದು ಕೆಲಸ ಮಾಡಬೇಡಿ ಎಂದು ಅವರಿಗೆ ಉಪದೇಶಿಸುವುದು ನ್ಯಾಯವೂ ಅಲ್ಲ. ಆದರೆ ಪರೀಕ್ಷೆಗೆ ಸಂಬಂಧಿಸಿದ ಕೆಲಸ ಮಾಡುವವರು, ಮೇಲೆ ಹೇಳಿದಂತೆ, ಭ್ರಷ್ಟಾಚಾರ ನಿರ್ಬಂಧ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ನೌಕರರೇ. ಕೋಚಿಂಗ್ ಕೇಂದ್ರಗಳ ಜೊತೆ ಅವರಿಗೆ ಯಾವ ವ್ಯವಹಾರವೂ ಇರಬಾರದು. ವಿಶ್ವವಿದ್ಯಾಲಯವೇ ನೇರವಾಗಿ ತೆಗೆದುಕೊಂಡ ತಾತ್ಕಾಲಿಕ ಮತ್ತು ಗುತ್ತಿಗೆ ನೌಕರರು ತಮ್ಮ ನೇಮಕಾತಿ ಆದೇಶದ ಷರತ್ತುಗಳನ್ನು ಓದಿಕೊಳ್ಳಬೇಕು.

ಅನುಮತಿಗೆ ಅರ್ಜಿ ಹೇಗೆ ಸಲ್ಲಿಸಬೇಕು?

ಅರ್ಜಿಯನ್ನು ಕುಲಸಚಿವರಿಗೆ (ರಿಜಿಸ್ಟ್ರಾರ್) ಉದ್ದೇಶಿಸಿ, ವಿಭಾಗದ ಮುಖ್ಯಸ್ಥರ ಮೂಲಕ ಸಲ್ಲಿಸಬೇಕು. ಯಾವ ಕೆಲಸ, ಯಾರಿಗಾಗಿ, ಎಷ್ಟು ಅವಧಿಗೆ, ವಾರಕ್ಕೆ ಎಷ್ಟು ಗಂಟೆ, ಸಂಭಾವನೆ ಎಷ್ಟು, ಆ ಸಂಸ್ಥೆಗೂ ವಿಶ್ವವಿದ್ಯಾಲಯಕ್ಕೂ ಸಂಬಂಧವಿದೆಯೇ, ಪ್ರಸ್ತುತ ನೀವು ನಿರ್ವಹಿಸುವ ಕಡತಗಳೊಂದಿಗೆ ಆ ಕೆಲಸಕ್ಕೆ ನಂಟಿದೆಯೇ ಎಂಬುದನ್ನೆಲ್ಲ ಬಿಡಿಸಿ ಬರೆಯಬೇಕು. ‘ಖಾಸಗಿ ಕೆಲಸಕ್ಕೆ ಅನುಮತಿ ಕೋರಿ’ ಎಂಬ ಎರಡು ಸಾಲಿನ ಅರ್ಜಿಗೆ ‘ಪೂರ್ಣ ವಿವರದೊಂದಿಗೆ ಸಲ್ಲಿಸಿ’ ಎಂಬ ಹಿಂಬರಹ ಬರುವುದೇ ರೂಢಿ, ಅಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ಹೊರಗಿನ ಸಂಸ್ಥೆಯ ಆಹ್ವಾನ ಪತ್ರವಿದ್ದರೆ ಲಗತ್ತಿಸಿ. ಕಚೇರಿ ವೇಳೆ, ಕಚೇರಿ ಸಾಮಗ್ರಿ, ಪದನಾಮ ಈ ಮೂರನ್ನೂ ಬಳಸುವುದಿಲ್ಲವೆಂಬ ಮುಚ್ಚಳಿಕೆಯನ್ನು ಕೇಳುವ ಮೊದಲೇ ಸೇರಿಸಿದರೆ ಟಿಪ್ಪಣಿ ಬರೆಯುವವರ ಕೆಲಸ ಹಗುರವಾಗುತ್ತದೆ.

ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯುವುದನ್ನು ಮರೆಯಬೇಡಿ. ಆದೇಶ ಬಂದ ಮೇಲೆ ಅದರ ಪ್ರತಿಯನ್ನು ನಿಮ್ಮ ಬಳಿಯೂ ಸೇವಾ ಪುಸ್ತಕದಲ್ಲೂ ಇರಿಸಿ. ಅನುಮತಿ ಸಿಗುವುದು ಒಂದು ಕೆಲಸಕ್ಕೆ, ಒಂದು ಅವಧಿಗೆ. ಕೆಲಸ ಬದಲಾದರೆ ಅಥವಾ ನೀವು ಪರೀಕ್ಷಾಂಗದಂತಹ ಸೂಕ್ಷ್ಮ ವಿಭಾಗಕ್ಕೆ ವರ್ಗವಾದರೆ ಹೊಸದಾಗಿ ಕೇಳಬೇಕು.

ಆರು ತಿಂಗಳಾದರೂ ಉತ್ತರ ಬಂದಿಲ್ಲ. ಮೌನವನ್ನು ಸಮ್ಮತಿ ಎಂದುಕೊಳ್ಳಬಹುದೇ?

ಬೇಡ. ನಿಮ್ಮ ಪರಿನಿಯಮದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿದ್ದ ಹೊರತು ಮೌನ ಮೌನವಷ್ಟೆ. ಜ್ಞಾಪನ ಪತ್ರ ಕೊಡಿ, ಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮದೇ ಕಡತದ ಟಿಪ್ಪಣಿಗಳ ಪ್ರತಿ ಕೇಳಿ. ಕಡತ ಇಷ್ಟು ನಿಧಾನವಾಗಿ ಚಲಿಸುವುದರಿಂದಲೇ ಜನ ಅನುಮತಿ ಕೇಳುವುದನ್ನು ಬಿಟ್ಟಿದ್ದಾರೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಮತ್ತು ಆಡಳಿತ ನಡೆಸುವವರು ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ದೀರ್ಘ ರಜೆಯಲ್ಲಿದ್ದಾಗ ಅಥವಾ ಅಮಾನತಿನಲ್ಲಿದ್ದಾಗ ಬೇರೆ ಕೆಲಸ ಮಾಡಬಹುದೇ?

ರಜೆಯೂ ಸೇವೆಯ ಭಾಗವೇ ಆದ್ದರಿಂದ ಸಂಬಳವಿಲ್ಲದ ಅಸಾಧಾರಣ ರಜೆಯಲ್ಲೂ ಅನುಮತಿ ಬೇಕು. ಅಮಾನತಿನಲ್ಲಿ ವಿಷಯ ಇನ್ನೂ ಸೂಕ್ಷ್ಮ: ಜೀವನಾಧಾರ ಭತ್ಯೆ ಪಡೆಯಲು ತಾನು ಬೇರೆ ಯಾವ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲೂ ತೊಡಗಿಲ್ಲವೆಂಬ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸುಳ್ಳು ಪ್ರಮಾಣಪತ್ರ ಕೊಟ್ಟರೆ ಮೂಲ ಆರೋಪ ಬಿದ್ದುಹೋದರೂ ಈ ಹೊಸ ಆರೋಪ ಉಳಿಯುತ್ತದೆ.

ಬೇರೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಅನುಮತಿ ಬೇಕೇ?

ಅರ್ಜಿಯನ್ನು ಸೂಕ್ತ ಮಾರ್ಗದ ಮೂಲಕ ಸಲ್ಲಿಸಬೇಕು. ಆನ್‌ಲೈನ್ ಅರ್ಜಿಯಾದರೆ ಕಚೇರಿಗೆ ತಿಳಿಸಿ ನಿರಾಕ್ಷೇಪಣಾ ಪತ್ರ ಪಡೆದಿಟ್ಟುಕೊಳ್ಳಬೇಕು. ಆಯ್ಕೆಯಾದ ಮೇಲೆ ಮೂಲ ಹುದ್ದೆಯ ಮೇಲಿನ ಹಕ್ಕು, ವೇತನ ರಕ್ಷಣೆ, ಹಿಂದಿನ ಸೇವೆಯ ಪರಿಗಣನೆ ಎಲ್ಲವೂ ಈ ಒಂದು ಕಾಗದದ ಮೇಲೆ ನಿಂತಿರುತ್ತವೆ.

ಅನುಮತಿ ಪಡೆದು ಮಾಡಿದ ಕೆಲಸದ ಹಣ ಪೂರ್ತಿ ನನ್ನದೇ?

ಯಾವಾಗಲೂ ಅಲ್ಲ. ಕೇಂದ್ರದ ಪೂರಕ ನಿಯಮಗಳ ಪ್ರಕಾರ ಹೊರಗಿನವರಿಂದ ಬಂದ ಶುಲ್ಕ ನಿಗದಿತ ಮಿತಿ ಮೀರಿದರೆ ಮೀರಿದ ಭಾಗದ ಮೂರನೇ ಒಂದನ್ನು ಜಮಾ ಮಾಡಬೇಕು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅನುಮತಿ ಆದೇಶದ ಷರತ್ತೇ ಆಧಾರ. ವಿಶ್ವವಿದ್ಯಾಲಯವೇ ಹೆಚ್ಚುವರಿ ಪರೀಕ್ಷಾ ಕೆಲಸಕ್ಕೆ ಕೊಡುವ ಗೌರವಧನ ಇದರಡಿ ಬರುವುದಿಲ್ಲ. ತೆರಿಗೆಯಂತೂ ಎಲ್ಲಕ್ಕೂ ಇದೆ.

ಅನುಮತಿ ಇಲ್ಲದೆ ಮಾಡಿದರೆ ಯಾರಿಗೆ ತಿಳಿಯುತ್ತದೆ? ತಿಳಿದರೆ ಏನಾಗುತ್ತದೆ?

ಹಿಂದೆ ಯಾರಾದರೂ ಅನಾಮಧೇಯ ಅರ್ಜಿ ಬರೆಯಬೇಕಿತ್ತು. ಈಗ ಹೊರಗಿನ ಸಂಸ್ಥೆ ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಮೂಲದಲ್ಲೇ ತೆರಿಗೆ ಕಡಿತ ಮಾಡಿದ ಕೂಡಲೇ ಅದು ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಜಿಎಸ್‌ಟಿ ನೋಂದಣಿ, ಕಂಪನಿಯ ನಿರ್ದೇಶಕರ ಪಟ್ಟಿ ಯಾರು ಬೇಕಾದರೂ ಹುಡುಕಬಹುದಾದ ದಾಖಲೆಗಳು.

ಮೊದಲು ಕಾರಣ ಕೇಳುವ ನೋಟಿಸ್ ಬರುತ್ತದೆ. ಅದಕ್ಕೆ ‘ಸಹೋದ್ಯೋಗಿಗಳೂ ಮಾಡುತ್ತಿದ್ದಾರೆ’ ಎಂದು ಉತ್ತರಿಸಬೇಡಿ, ಅದು ತಪ್ಪೊಪ್ಪಿಗೆ. ಉತ್ತರ ತೃಪ್ತಿಕರವಾಗದಿದ್ದರೆ ದೋಷಾರೋಪಣಾ ಪಟ್ಟಿ, ಇಲಾಖಾ ವಿಚಾರಣೆ. 1957ರ ನಿಯಮಗಳಲ್ಲಿ ವಾಗ್ದಂಡನೆ, ವೇತನ ಬಡ್ತಿ ತಡೆಯಿಂದ ಹಿಡಿದು ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ ಮಾಡುವುದರವರೆಗೆ ದಂಡನೆಗಳಿವೆ. ವಜಾ ಆದವರಿಗೆ ಮುಂದೆ ಸರ್ಕಾರಿ ಕೆಲಸದ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ಭಾನುವಾರ ಮದುವೆಯ ಫೋಟೊ ತೆಗೆದ ಅಟೆಂಡರ್‌ಗೂ ಕೋಚಿಂಗ್ ಕೇಂದ್ರದಲ್ಲಿ ಪಾಲು ಹೊಂದಿದ ಅಧೀಕ್ಷಕರಿಗೂ ಒಂದೇ ಶಿಕ್ಷೆ ಆಗಬಾರದು. ದಂಡನೆ ತಪ್ಪಿಗೆ ತಕ್ಕ ಪ್ರಮಾಣದಲ್ಲಿರಬೇಕೆಂಬ ವಾದಕ್ಕೆ ಮೇಲ್ಮನವಿಯಲ್ಲಿ ಬೆಲೆಯಿದೆ.

ಈಗಾಗಲೇ ಅನುಮತಿ ಇಲ್ಲದೆ ಕೆಲಸ ಮಾಡುತ್ತಿರುವವರು ಅದನ್ನು ನಿಲ್ಲಿಸಿ, ನಡೆದುದನ್ನು ಬರವಣಿಗೆಯಲ್ಲಿ ತಿಳಿಸಿ, ಮುಂದಿನ ಅವಧಿಗೆ ಅನುಮತಿ ಕೋರುವುದು ಲೇಸು. ತಾನಾಗಿ ಹೇಳಿದವರನ್ನೂ ಸಿಕ್ಕಿಬಿದ್ದವರನ್ನೂ ವಿಚಾರಣೆಯಲ್ಲಿ ಒಂದೇ ತಕ್ಕಡಿಯಲ್ಲಿ ತೂಗುವುದು ಅಪರೂಪ.

ನಿವೃತ್ತಿಯ ನಂತರ ಈ ನಿರ್ಬಂಧ ಮುಗಿಯುತ್ತದೆಯೇ?

ನಿವೃತ್ತಿಯ ಮರುದಿನದಿಂದ ಲಿಪಿಕ ಮತ್ತು ಗ್ರೂಪ್ ಡಿ ನೌಕರರಿಗೆ ಹೊರಗಿನ ಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೇಂದ್ರದಲ್ಲಿ ಗ್ರೂಪ್ ಎ ಅಧಿಕಾರಿಗಳು ಮೊದಲ ಒಂದು ವರ್ಷ ವಾಣಿಜ್ಯ ಉದ್ಯೋಗ ಹಿಡಿಯಲು ಅನುಮತಿ ಪಡೆಯಬೇಕು. ಸೇವೆಯಲ್ಲಿದ್ದಾಗ ಮಾಡಿದ್ದು ಮಾತ್ರ ನಿವೃತ್ತಿಯೊಂದಿಗೆ ಅಳಿಯುವುದಿಲ್ಲ: ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದಡಿ, ವಿಚಾರಣೆ ಆರಂಭಿಸುವ ದಿನಕ್ಕೆ ನಾಲ್ಕು ವರ್ಷದೊಳಗಿನ ಘಟನೆಯಾಗಿದ್ದರೆ ನಿವೃತ್ತರ ಮೇಲೂ ಇಲಾಖಾ ವಿಚಾರಣೆ ನಡೆಸಿ ಪಿಂಚಣಿಯನ್ನು ತಡೆಹಿಡಿಯಲು ಅವಕಾಶವಿದೆ.